ಫ್ಯಾನ್ ಪೆಟ್ಟಿಗೆ

ಬಸ್ ನಿಲ್ದಾಣದ ಪಾರ್ಸೆಲ್ ಆಫೀಸಿನಲ್ಲಿ ಕೂರುವುದಕ್ಕಿದ್ದ ಆಸನಗಳಲ್ಲೆಲ್ಲ ಗಟ್ಟಿಯಾದದ್ದೆಂದರೆ ಫ್ಯಾನ್ ಪೆಟ್ಟಿಗೆ. ಉಳಿದವುಗಳ ಯೋಗ್ಯತೆ ಹೇಳಿಕೊಳ್ಳುವಂಥದ್ದಲ್ಲ. ಗುಮಾಸ್ತರ ಕುರ್ಚಿಗೆ ಮೂರೂವರೆ ಕಾಲು. ಬೆಂಚಿನ ಈ ತುದಿಯಲ್ಲಿ ಕೂತವರು ಹೇಳದೆ ಎದ್ದರೆ ಆ ತುದಿಯವರು ನೆಲಕ್ಕೆ ಬರುತ್ತಿದ್ದರು. ಫ್ಯಾನ್ ಪೆಟ್ಟಿಗೆ ಮಾತ್ರ ಅಲುಗುತ್ತಿರಲಿಲ್ಲ, ಕಿರುಗುಟ್ಟುತ್ತಿರಲಿಲ್ಲ, ಯಾರನ್ನೂ ಬೀಳಿಸುತ್ತಿರಲಿಲ್ಲ.

ಆ ಆಫೀಸಿನ ಪದ್ಧತಿಯೇ ಹಾಗೆ. ವಾರಸುದಾರರು ಬಾರದ ಸಾಮಾನನ್ನು ಹದಿನೈದು ದಿನ ಕಾದು ಮುಖ್ಯ ಕಚೇರಿಯ ಗೋದಾಮಿಗೆ ಕಳಿಸಬೇಕೆಂಬುದು ನಿಯಮ. ಕಳಿಸಲು ಬರಬೇಕಾದ ಗಾಡಿ ಯಾವತ್ತೂ ಬರುತ್ತಿರಲಿಲ್ಲ. ಹಾಗಾಗಿ ಸಾಮಾನುಗಳು ನಿಧಾನವಾಗಿ ಆಫೀಸಿನ ಸಂಸಾರದೊಳಗೆ ಸೇರಿಕೊಳ್ಳುತ್ತಿದ್ದವು. ಗೋಡೆಯ ಗಡಿಯಾರ ಯಾರದ್ದೋ. ಅದರ ಕೆಳಗಿನ ಕನ್ನಡಿ ಇನ್ಯಾರದ್ದೋ. ಕಾಗದ ಹಾರದಂತೆ ಇಟ್ಟಿದ್ದ ಇಸ್ತ್ರಿಪೆಟ್ಟಿಗೆಯ ಒಡೆಯ ಈಗಲೂ ಎಲ್ಲೋ ಮುದುರಿದ ಅಂಗಿ ಹಾಕಿಕೊಂಡು ತಿರುಗುತ್ತಿರಬೇಕು.

ಪಾರ್ಸೆಲ್ ಗುಮಾಸ್ತರು ಒಳ್ಳೆಯ ಮನುಷ್ಯರು. ಐವತ್ತಾರು ವಯಸ್ಸು, ಅರ್ಧ ತಲೆಗೂದಲು, ಪೂರ್ತಿ ಆತ್ಮವಿಶ್ವಾಸ. ಕಾಲೇಜಿನಲ್ಲಿ ಒಂದು ವರ್ಷ ವಿಜ್ಞಾನ ಓದಿದ್ದರು. ಎರಡನೆಯ ವರ್ಷ ಯಾಕೆ ಓದಲಿಲ್ಲವೆಂದು ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಆ ಒಂದು ವರ್ಷದ ಬಲದಿಂದ ನಿಲ್ದಾಣದವರೆಲ್ಲ ಅವರನ್ನು 'ಸೈನ್ಸ್ ಸಾರ್' ಎಂದು ಕರೆಯುತ್ತಿದ್ದರು. ಟ್ಯೂಬ್‌ಲೈಟು ಮಿಣುಕಿದರೂ ಅವರನ್ನೇ ಕೇಳುವುದು, ಅವರು ತಲೆಯೆತ್ತಿ ನೋಡಿ "ವೋಲ್ಟೇಜು" ಎಂದು ಹೇಳುವುದು ವಾಡಿಕೆಯಾಗಿತ್ತು.

ಫ್ಯಾನ್ ಪೆಟ್ಟಿಗೆ ಬಂದ ದಿನ ಅದನ್ನು ಬಸ್ಸಿನ ಮೇಲಿಂದ ಇಳಿಸಲು ಹಮಾಲಿಯಣ್ಣ ಹೆಣಗಾಡಿದ. ಗಾತ್ರ ಹೊಲಿಗೆ ಯಂತ್ರದಷ್ಟು, ಭಾರ ಮಾತ್ರ ಭೂಮಿಗೇ ಬೇರುಬಿಟ್ಟಂತೆ. ಅವನ ವಯಸ್ಸೂ ಅರವತ್ತರ ಹತ್ತಿರ. ಗುಮಾಸ್ತರಿಗೆ ನೋಡಿ ಸುಮ್ಮನಿರಲಾಗದೆ ತಾವೂ ಒಂದು ಕಡೆ ಕೈಕೊಟ್ಟರು. ಇಬ್ಬರೂ ಏದುಸಿರು ಬಿಡುತ್ತಾ ಒಳಗೆ ತಂದು ಮೂಲೆಯಲ್ಲಿಟ್ಟರು. ವಿಳಾಸದ ಚೀಟಿ ದಾರಿಯಲ್ಲೇ ಕಿತ್ತುಹೋಗಿತ್ತು. ಉಳಿದದ್ದು ಮುಚ್ಚಳದ ಮೇಲಿನ ಒಂದು ಹಳದಿ ಚಿತ್ರ. ನಡುವೆ ಕಪ್ಪು ಚುಕ್ಕೆ, ಸುತ್ತ ಮೂರು ಅಗಲವಾದ ಕಪ್ಪು ರೆಕ್ಕೆ.

"ಏನ್ ಸಾರ್ ಇದು?" ಎಂದ ಹಮಾಲಿಯಣ್ಣ.

"ಚಿತ್ರ ಹಾಕಿಲ್ವೇನಣ್ಣ? ಫ್ಯಾನು."

"ಫ್ಯಾನು ಇಷ್ಟು ಭಾರನಾ?"

"ಹಳೇ ಕಾಲದ್ದಿರಬೇಕು. ಆಗಿನ ಸಾಮಾನೇ ಗಟ್ಟಿ," ಎಂದು ಹೇಳಿ ಗುಮಾಸ್ತರು ದಾಖಲೆ ಪುಸ್ತಕದಲ್ಲಿ ದುಂಡಗೆ ಬರೆದರು: 'ಫ್ಯಾನ್ – ಒಂದು.'

ಹದಿನೈದು ದಿನವಾದ ಮೇಲೆ ಹಮಾಲಿಯಣ್ಣ ಅದರ ಮೇಲೆ ಒಂದು ಗೋಣಿಚೀಲ ಮಡಿಸಿ ಹಾಸಿದ. ಕಬ್ಬಿಣ ತಣ್ಣಗೆ ಕೊರೆಯುತ್ತದೆಂದು. ಅಲ್ಲಿಗೆ ಅದು ಸಂಸಾರಕ್ಕೆ ಸೇರಿತು.

ಅದಾದ ಮೇಲೆ ಮುಖ್ಯ ಕಚೇರಿಯಿಂದ ಒಂದು ತುರ್ತು ಕಾಗದ ಬಂತು. ಒಂದು ಕಂಪನಿಯ ಯಂತ್ರದ ಪೆಟ್ಟಿಗೆ ಸಾಗಣೆಯಲ್ಲಿ ಕಾಣೆಯಾಗಿದೆ. ಪೈಪುಗಳ ಬೆಸುಗೆ ಪರೀಕ್ಷಿಸುವ ಯಂತ್ರ, ಒಳಗೆ ವಿಕಿರಣ ಸೂಸುವ ವಸ್ತುವಿದೆ. ದುಷ್ಟರ ಕೈಗೆ ಸಿಕ್ಕಿ ಅವರು ಅದನ್ನು ಸಿಡಿಮದ್ದಿನ ಜೊತೆ ಸೇರಿಸಿದರೆ ಊರಿಗೆ ಊರೇ ಮನೆಮಠ ಬಿಟ್ಟು ಓಡಬೇಕಾದೀತು. ಅಂಥ ಪೆಟ್ಟಿಗೆ ನಿಮ್ಮಲ್ಲಿದೆಯೇ, ಕೂಡಲೇ ತಿಳಿಸಿ.

ಗುಮಾಸ್ತರು ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬೆರಳಿಟ್ಟು ಓದಿದರು. ಯಂತ್ರ ಎಂಬ ಮಾತೇ ಎಲ್ಲೂ ಇರಲಿಲ್ಲ. 'ಕೂಲಂಕಷವಾಗಿ ಹುಡುಕಲಾಗಿದೆ. ಅಂಥ ಯಾವ ಪೆಟ್ಟಿಗೆಯೂ ಇಲ್ಲಿಲ್ಲ' ಎಂದು ಉತ್ತರ ಬರೆದು ಸಹಿ ಮಾಡಿದರು. ಅವತ್ತು ಕುರ್ಚಿಯ ಅರ್ಧ ಕಾಲೂ ಮುರಿದಿದ್ದರಿಂದ, ಆ ಉತ್ತರವನ್ನು ಅವರು ಬರೆದದ್ದು ಫ್ಯಾನ್ ಪೆಟ್ಟಿಗೆಯ ಮೇಲೆ ಕೂತು.

ಕಾಗದದ ಹಿಂದೆಯೇ ಭದ್ರತೆಯೂ ಬಂತು. ನಿಲ್ದಾಣದ ಮುಂದೆ ತಪಾಸಣೆಗೆಂದು ಕಮಾನು ಎದ್ದಿತು, ಅದಕ್ಕೆ ನೀಲಿ ಬಣ್ಣ ಬಳಿದದ್ದಾಯಿತು. ನಿಲ್ದಾಣದ ಹಿಂದಿನ ಗೋಡೆಯಲ್ಲಿ ಒಬ್ಬ ದಪ್ಪ ಮನುಷ್ಯ ಚೀಲ ಸಮೇತ ದಾಟುವಷ್ಟು ದೊಡ್ಡ ಕಂಡಿ ಇತ್ತು. ಊರಿನ ಅರ್ಧ ಜನ ಓಡಾಡುತ್ತಿದ್ದದ್ದು ಅದರಲ್ಲೇ. ಆದರೆ ನಕ್ಷೆಯಲ್ಲಿ ಅಲ್ಲಿ ಗೋಡೆಯಿತ್ತು. ನಿಲ್ದಾಣದ ಮ್ಯಾನೇಜರು ನಕ್ಷೆ ನೋಡಿ 'ಗೋಡೆ ಸುಭದ್ರವಾಗಿದೆ' ಎಂದು ಬರೆದುಕೊಟ್ಟಿದ್ದರು. ಆಮೇಲೆ ವಿಕಿರಣ ಪತ್ತೆ ಮಾಡುವ ಕೈಯಂತ್ರವೂ ಬಂತು, ದೊಡ್ಡ ಟಾರ್ಚಿನಷ್ಟು. ಬ್ಯಾಟರಿ ಮಾತ್ರ ಬೇರೆ ಇಲಾಖೆಯಿಂದ ಬರಬೇಕಿತ್ತು.

"ಇಲ್ಲಿ ಸೈನ್ಸ್ ಓದಿದವರು ಯಾರಿದ್ದೀರ?" ಎಂದು ಮ್ಯಾನೇಜರು ಕೇಳಿದಾಗ ಗುಮಾಸ್ತರು ಎದ್ದು ನಿಂತಿದ್ದರು. ಸುತ್ತ ಯಾರೂ ಕೂತಿರಲಿಲ್ಲವಾದ್ದರಿಂದ ಎದ್ದದ್ದು ಕಾಣಲಿ ಎಂದು ಕೈಯನ್ನೂ ಎತ್ತಿದರು.

ಅವರನ್ನು ಅರ್ಧ ದಿನದ ತರಬೇತಿಗೆ ಕಳಿಸಿದರು. ಅಲ್ಲಿ ಚಿತ್ರ ತೋರಿಸುವ ಯಂತ್ರ ಕೆಟ್ಟಿತ್ತು. ಪಾಠ ಮಾಡುವಾತ ಪಾಪ, ಗಾಳಿಯಲ್ಲೇ ಕೈಯಾಡಿಸಿ ತೋರಿಸಿದ: "ಹಳದಿ ಬಣ್ಣ. ನಡುವೆ ಚುಕ್ಕೆ. ಸುತ್ತ ಮೂರು ಎಸಳು, ಹೂವಿನ ಥರ. ಈ ಗುರುತು ಕಂಡರೆ ಹುಷಾರು." ಗುಮಾಸ್ತರು ಕಿರುಪುಸ್ತಕದಲ್ಲಿ ಬರೆದುಕೊಂಡರು: 'ಹಳದಿ ಹೂ. ಎಸಳು ಮೂರು.' ಕೆಳಗೆ ಎರಡು ಗೆರೆ ಎಳೆದರು.

ಇನ್ನು ಅವರ ಎದೆಯ ವಿಷಯ.

ಒಂದು ತಿಂಗಳಿಂದ ಗುಮಾಸ್ತರ ಎದೆಯ ಎಡಭಾಗದಲ್ಲಿ ಸಣ್ಣ ಚಳುಕು. ಮನೆಯಲ್ಲಿ ಹೇಳಿರಲಿಲ್ಲ. ಹಿಂದಿನ ವರ್ಷ ಅವರ ಹೆಂಡತಿಯ ಅಣ್ಣ ಬೆಳಗ್ಗೆ ಹಲ್ಲುಜ್ಜುತ್ತಾ ನಿಂತವರು ಹಾಗೆಯೇ ಹೋಗಿಬಿಟ್ಟಿದ್ದರು. ಅವತ್ತಿನಿಂದ ಆಕೆ, ಗಂಡ ಸ್ನಾನದ ಮನೆಯಲ್ಲಿ ಒಂದು ನಿಮಿಷ ಹೆಚ್ಚು ಕಳೆದರೂ ಬಾಗಿಲು ತಟ್ಟಿ "ಇದ್ದೀರಾ?" ಎನ್ನುತ್ತಿದ್ದರು. "ಇದ್ದೀನಿ, ಎಲ್ಲಿ ಹೋಗ್ಲಿ?" ಎಂದು ಇವರು ಒಳಗಿಂದ ಕೂಗಬೇಕು. ಅಂಥವರ ಮುಂದೆ ಎದೆನೋವೆಂಬ ಮಾತೆತ್ತುವುದು ಹೇಗೆ? ಅದಕ್ಕೇ 'ತರಬೇತಿ ಇನ್ನೊಂದು ದಿನ ಇದೆ' ಎಂದು ಸುಳ್ಳು ಹೇಳಿ ಗುಮಾಸ್ತರು ದೊಡ್ಡ ಆಸ್ಪತ್ರೆಗೆ ಹೋಗಿ ಬಂದರು. ಅಲ್ಲಿ ತೋಳಿಗೆ ಏನೋ ಔಷಧಿ ಚುಚ್ಚಿದರು, ಓಡುವ ಪಟ್ಟಿಯ ಮೇಲೆ ನಡೆಸಿದರು, ಮಲಗಿಸಿ ಎದೆಯ ಚಿತ್ರ ತೆಗೆದರು. ಹೊರಡುವಾಗ ನರ್ಸಮ್ಮ ಒಂದು ಕಾರ್ಡು ಕೊಟ್ಟು ಹೇಳಿದಳು: "ಮೂರ್ನಾಲ್ಕು ದಿನ ಇದು ಜೊತೇಲಿರಲಿ ಸಾರ್. ನೀರು ಚೆನ್ನಾಗಿ ಕುಡೀರಿ. ಎಳೇ ಮಕ್ಕಳನ್ನ ಎತ್ಕೋಬೇಡಿ."

ಮನೆಯಲ್ಲಿ ಎಳೆಯ ಮಕ್ಕಳಿರಲಿಲ್ಲ. ಹಾಗಾಗಿ ಆ ಮಾತು ತಮಗೆ ಸಂಬಂಧಿಸಿದ್ದಲ್ಲವೆಂದುಕೊಂಡು ಗುಮಾಸ್ತರು ಕಾರ್ಡನ್ನು ಓದದೆಯೇ ಮಡಿಸಿ, ಹೆಂಡತಿ ಎಂದೂ ತೆರೆಯದ ಒಂದೇ ಜಾಗದಲ್ಲಿ, ಕನ್ನಡಕದ ಡಬ್ಬಿಯಲ್ಲಿ, ಇಟ್ಟುಕೊಂಡರು.

ಮರುದಿನ ಬೆಳಗ್ಗೆ ಬ್ಯಾಟರಿ ಬಂತು.

ಕಮಾನಿನ ಕೆಳಗೆ ನಿಂತು ಗುಮಾಸ್ತರು ಗುಂಡಿ ಒತ್ತಿದರು. ಯಂತ್ರ "ಟುಯ್ ಟುಯ್ ಟುಯ್" ಎಂದು ಕೂಗಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಸರ್ಕಾರದಿಂದ ಬಂದ ಸಾಮಾನು ಮೊದಲ ದಿನವೇ ಕೆಲಸ ಮಾಡಿದ್ದನ್ನು ಆ ನಿಲ್ದಾಣದಲ್ಲಿ ಯಾರೂ ಕಂಡಿರಲಿಲ್ಲ. ಮ್ಯಾನೇಜರು ಸಂತೋಷದಿಂದ ಮುಂದೆ ಬಂದು "ನನ್ನಿಂದಲೇ ಶುರು ಮಾಡಿ" ಎಂದರು.

"ಟುಯ್ ಟುಯ್ ಟುಯ್."

ಮ್ಯಾನೇಜರ ಮುಖ ಸಣ್ಣದಾಯಿತು. "ಏನ್ರೀ ಇದರರ್ಥ?"

"ಅಪಾಯ ಅಂತ ಸಾರ್."

"ನಾನು ಅಪಾಯನಾ?"

"ಯಂತ್ರ ಹೇಳೋದು ಸಾರ್, ನಾನಲ್ಲ."

ಮ್ಯಾನೇಜರು ಇಪ್ಪತ್ತೆಂಟು ವರ್ಷದ ಆಡಳಿತದ ಅನುಭವವನ್ನೆಲ್ಲ ಒಟ್ಟುಗೂಡಿಸಿ ಅಲ್ಲೇ ಒಂದು ನಿಯಮ ಮಾಡಿದರು. ಬರೀ ಕೂಗಿದರೆ ಅಪಾಯವಲ್ಲ, ಅದು ಯಂತ್ರದ ಸ್ವಭಾವ. ಕೂಗಿನ ಜೊತೆಗೆ ಹಳದಿ ಹೂವೂ ಕಂಡರೆ ಮಾತ್ರ ಅಪಾಯ. ಗುಮಾಸ್ತರಿಗೆ ಇದು ಸಮಂಜಸವೆನಿಸಿತು. ವಿಜ್ಞಾನದಲ್ಲೂ ಎರಡು ಸಾಕ್ಷಿ ಬೇಕೆಂದು ಎಲ್ಲೋ ಕೇಳಿದ್ದರು.

ಮಧ್ಯಾಹ್ನದವರೆಗೆ ಯಂತ್ರ ಯಾರನ್ನೂ ಬಿಡಲಿಲ್ಲ. ದರ್ಜಿಯ ಕತ್ತರಿ ಕೂಗಿತು. ಒಬ್ಬರ ಛತ್ರಿ ಕೂಗಿತು, ಇನ್ನೊಬ್ಬರ ಬ್ರೆಡ್ಡು ಕೂಗಿತು. ಒಬ್ಬ ಮೇಷ್ಟರ ಚೀಲದಲ್ಲಿದ್ದ ಉತ್ತರಪತ್ರಿಕೆಗಳ ಕಟ್ಟು ಕೂಗಿದಾಗ ಅವರು ಬೇಸರದಿಂದ ಹೇಳಿದರು: "ಅದರಲ್ಲಿ ಅಪಾಯ ಇರೋದು ನಿಜ ಸಾರ್. ಆದ್ರೆ ಓದಿದವರಿಗೆ ಮಾತ್ರ." ಸಾಲು ಉದ್ದವಾಯಿತು. ಉದ್ದವಾದ ಸಾಲನ್ನು ನೋಡಿದವರು ಸುತ್ತು ಹಾಕಿ ಹಿಂದಿನ ಕಂಡಿಯಿಂದ ಒಳಬಂದು ಬಸ್ಸು ಹತ್ತಿದರು. ಕಮಾನಿನ ಕೆಳಗೆ ಉಳಿದವರು ಪಾಪದವರು, ಹೊಸಬರು, ಮತ್ತು ನಿಯಮ ಪಾಲಿಸುವವರು.

ಒಂದು ಗಂಟೆಯ ಹೊತ್ತಿಗೆ ಅಂಥ ಒಬ್ಬ ಅಜ್ಜಿ ಬಂದರು. ಕೈಯಲ್ಲೊಂದು ದೊಡ್ಡ ಗಂಟು. ಹಳದಿ ಬಟ್ಟೆ, ಅದರ ತುಂಬ ಹೂವು, ಪ್ರತಿ ಹೂವಿಗೂ ಮೂರು ಎಸಳು.

ಯಂತ್ರ ಕೂಗಿತು. ಗುಮಾಸ್ತರು ಎಸಳು ಎಣಿಸಿದರು. ಮತ್ತೆ ಎಣಿಸಿದರು.

"ಅಜ್ಜಿ, ಇದರಲ್ಲಿ ಏನಿದೆ?"

"ಹೊದಿಕೆ ಕಣಪ್ಪ. ಮಗಳಿಗೆ ಇವತ್ತೋ ನಾಳೆಯೋ ಹೆರಿಗೆ. ಮೂರು ಗಂಟೆ ಬಸ್ಸಿಗೆ ಹೋಗ್ಬೇಕು. ಅಳಿಯ ಊರಲ್ಲಿಲ್ಲ, ಅವಳೊಬ್ಬಳೇ ಇದ್ದಾಳೆ."

"ಇದನ್ನ ಯಾರು ಕೊಟ್ಟಿದ್ದು?"

"ಯಾರು ಕೊಡ್ತಾರೆ? ನಾನೇ ಆರು ತಿಂಗಳಿಂದ ಹೊಲಿದಿದ್ದು."

"ಆರು ತಿಂಗಳಿಂದ ತಯಾರಿ," ಎಂದು ಮ್ಯಾನೇಜರು ಹಿಂದಿನಿಂದ ಪಿಸುಗುಟ್ಟಿ ಪೊಲೀಸರಿಗೆ ಫೋನು ಮಾಡಿದರು.

ಇನ್ಸ್‌ಪೆಕ್ಟರು ಹತ್ತು ನಿಮಿಷದಲ್ಲಿ ಬಂದರು. ಜೀಪು ನಿಲ್ಲಿಸಲು ಹಿಂದೆ ಜಾಗ ಚೆನ್ನಾಗಿತ್ತಾದ್ದರಿಂದ ಆರು ಜನ ಪೊಲೀಸರೊಂದಿಗೆ ಕಂಡಿಯಲ್ಲೇ ನುಗ್ಗಿ ಬಂದರು. "ಯಾರೂ ಒಳಗೆ ಬರದ ಹಾಗೆ ನೋಡ್ಕೊಳ್ಳಿ!" ಎಂದು ಅಬ್ಬರಿಸಿದರು. ಪೊಲೀಸರು ಓಡಿಹೋಗಿ ಕಮಾನಿನ ಕೆಳಗೆ ಸಾಲಾಗಿ ನಿಂತರು. ಗಂಟನ್ನು ನಿಲ್ದಾಣದ ಬಯಲಿನ ನಡುವೆ ಇಟ್ಟು ಸುತ್ತ ಮರಳು ಚೀಲ ಪೇರಿಸಿದ್ದಾಯಿತು. ತಜ್ಞರು ಬರುವುದು ಐದು ಗಂಟೆಗೆ, ಅಲ್ಲಿಯವರೆಗೆ ಅಜ್ಜಿಯನ್ನು ಬಿಡುವಂತಿಲ್ಲ.

ಅಜ್ಜಿ ಅಳಲಿಲ್ಲ. ಮೂರು ಗಂಟೆಯ ಬಸ್ಸು ನಿಂತಿದ್ದ ಕಡೆಗೊಮ್ಮೆ, ಗಂಟಿನ ಕಡೆಗೊಮ್ಮೆ ನೋಡುತ್ತಾ ನಿಂತಿದ್ದರು. ಹಮಾಲಿಯಣ್ಣನಿಗೆ ಅದನ್ನು ನೋಡಲಾಗಲಿಲ್ಲ. ಒಳಗಿಂದ ಫ್ಯಾನ್ ಪೆಟ್ಟಿಗೆಯನ್ನು ಎಳೆದುಕೊಂಡು ಬಂದು, ಆಫೀಸಿನ ಜಗಲಿಯ ನೆರಳಲ್ಲಿಟ್ಟು, ಗೋಣಿಚೀಲ ಕೊಡವಿ ಹಾಸಿದ.

"ಕೂತ್ಕೊಳ್ಳಿ ತಾಯಿ. ನಮ್ಮಲ್ಲಿರೋದ್ರಲ್ಲಿ ಭದ್ರವಾದ ಸೀಟು ಇದೇ."

ಟೀಯನ್ನೂ ತಂದುಕೊಟ್ಟ. ಕಾವಲಿಗೆ ನಿಂತಿದ್ದ ಪೊಲೀಸಿನವನು ತನ್ನ ಜೇಬಿನ ಬಿಸ್ಕತ್ತನ್ನು ಯಾರಿಗೂ ಕಾಣದಂತೆ ಅಜ್ಜಿಯ ಕೈಗಿಟ್ಟು ಮತ್ತೆ ಮುಖ ಬಿಗಿದು ನಿಂತ.

ಎರಡೂವರೆಗೆ ಗುಮಾಸ್ತರ ಹೆಂಡತಿ ಕಂಡಿಯಿಂದ ಓಡಿಬಂದರು. ಪಕ್ಕದ ಮನೆಯಾಕೆ 'ಬಸ್ ಸ್ಟ್ಯಾಂಡಲ್ಲಿ ಅಣುಬಾಂಬಂತೆ, ನಿಮ್ಮೆಜಮಾನರೇ ಹಿಡಿದಿದ್ದಂತೆ' ಎಂದಿದ್ದಳು. ಹಿಡಿದದ್ದು ಬಾಂಬನ್ನೋ ಬಾಂಬಿನವರನ್ನೋ ಎಂದು ಕೇಳುವಷ್ಟು ತಾಳ್ಮೆ ಆಕೆಗಿರಲಿಲ್ಲ. ಒಂದು ಕಾಲಲ್ಲಿ ತಮ್ಮ ಚಪ್ಪಲಿ, ಇನ್ನೊಂದರಲ್ಲಿ ಗಂಡನದು.

"ಇದ್ದೀರಾ?" ಎಂದು ಗಂಡನ ತೋಳು ಹಿಡಿದುಕೊಂಡರು.

"ಇದ್ದೀನಿ, ಎಲ್ಲಿ ಹೋಗ್ಲಿ?" ಎಂದರು ಗುಮಾಸ್ತರು, ಸ್ವಲ್ಪ ಗತ್ತಿನಿಂದಲೇ. ಹೆಂಡತಿಯ ಮುಂದೆ ಪೊಲೀಸರ ನಡುವೆ ಯಂತ್ರ ಹಿಡಿದು ನಿಲ್ಲುವ ಯೋಗ ದಿನಾ ಬರುವುದಿಲ್ಲ.

ಇನ್ಸ್‌ಪೆಕ್ಟರು ಒಂದು ಕಾಗದ ಮುಂದೆ ಹಿಡಿದರು. "ಈಕೆಯ ಗಂಟಿನಲ್ಲಿ ವಿಕಿರಣ ಪತ್ತೆಯಾಗಿದೆ ಅಂತ ನಿಮ್ಮ ಹೇಳಿಕೆ. ಓದಿ ಸಹಿ ಹಾಕಿ."

ಓದಲು ಗುಮಾಸ್ತರು ಕನ್ನಡಕದ ಡಬ್ಬಿ ತೆರೆದರು. ಕಾರ್ಡು ಕಾಗದದ ಮೇಲೆಯೇ ಬಿತ್ತು. ಕನ್ನಡಕ ಹಾಕಿಕೊಂಡದ್ದೇ ತಡ, ಕಣ್ಣಿಗೆ ಮೊದಲು ಕಂಡದ್ದು ಅದು.

'ಈ ಕಾರ್ಡು ಹೊಂದಿರುವವರಿಗೆ ಹೃದಯದ ಪರೀಕ್ಷೆಗಾಗಿ ಅಲ್ಪ ಪ್ರಮಾಣದ ವಿಕಿರಣ ಔಷಧಿ ನೀಡಲಾಗಿದೆ. ಕೆಲವು ದಿನ ಇವರ ಹತ್ತಿರ ಭದ್ರತಾ ಯಂತ್ರಗಳು ಸದ್ದು ಮಾಡಬಹುದು. ಗಾಬರಿ ಬೇಡ.'

ಗುಮಾಸ್ತರಿಗೆ ಗಾಬರಿಯಾಯಿತು. ಬೆಳಗ್ಗಿನಿಂದ ಕೂಗಿದ್ದು ಛತ್ರಿಯಲ್ಲ, ಬ್ರೆಡ್ಡಲ್ಲ, ಮ್ಯಾನೇಜರಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರೆಂದು ಗಾದೆ. ಇವರು ಎದೆಯನ್ನೇ ಮುಟ್ಟಿ ನೋಡಿಕೊಂಡರು. ಕಾರ್ಡನ್ನು ಮೆಲ್ಲಗೆ ಅಂಗೈಯಲ್ಲಿ ಮುಚ್ಚಿದರು. ಪಕ್ಕದಲ್ಲೇ ಹೆಂಡತಿ, ತೋಳನ್ನು ಇನ್ನೂ ಬಿಟ್ಟಿರಲಿಲ್ಲ.

ಗೋಡೆಯ ಮೇಲಿನ ಯಾರದ್ದೋ ಗಡಿಯಾರದಲ್ಲಿ ಮೂರಕ್ಕೆ ಹದಿನೈದು ನಿಮಿಷವಿತ್ತು.

"ಸಾರ್," ಎಂದರು ಗುಮಾಸ್ತರು, "ಯಂತ್ರವೇ ಸರಿಯಿಲ್ಲ ಅಂತ ಕಾಣುತ್ತೆ. ಅಜ್ಜಿಯನ್ನ ಬಿಟ್ಟುಬಿಡಬಹುದು."

"ಸರಿಯಿಲ್ಲ ಅಂತ ಹೇಗೆ ಗೊತ್ತು?"

"ಒಂಥರಾ… ವೋಲ್ಟೇಜು."

"ಹಾಗಿದ್ರೆ ಅದನ್ನೂ ಬರ್ಕೊಡಿ. ತಜ್ಞರು ಐದು ಗಂಟೆಗೆ ಬಂದು ಯಂತ್ರನೂ ನೋಡ್ತಾರೆ, ಗಂಟೂ ನೋಡ್ತಾರೆ. ಅಲ್ಲೀವರೆಗೂ ಈಯಮ್ಮ ಇಲ್ಲೇ."

ಮೂರು ಗಂಟೆ ಬಸ್ಸಿನ ಡ್ರೈವರು ಎಂಜಿನ್ ಶುರುಮಾಡಿದ. ಅಜ್ಜಿ ಪೆಟ್ಟಿಗೆಯ ಮೇಲಿಂದ ಅರ್ಧ ಎದ್ದರು, ಮತ್ತೆ ಕೂತರು. "ಇನ್ನೊಂದು ಬಸ್ಸು ನಾಳೆ ಬೆಳಗ್ಗೆ ಅಲ್ವಾಪ್ಪ?" ಎಂದು ಹಮಾಲಿಯಣ್ಣನನ್ನು ಕೇಳಿದರು. ಅವನು ಖಾಲಿ ಟೀ ಲೋಟ ತೆಗೆದುಕೊಂಡ.

ಗುಮಾಸ್ತರು ಹೆಂಡತಿಯ ಕಾಲು ನೋಡಿದರು. ಎರಡು ಬೇರೆ ಬೇರೆ ಚಪ್ಪಲಿ. ಬಯಲಿನ ನಡುವಿನ ಹಳದಿ ಗಂಟು ನೋಡಿದರು. ಆಮೇಲೆ ಕಣ್ಣು ಮುಚ್ಚಿಕೊಂಡು, ಸ್ವಲ್ಪ ಜೋರಾಗಿಯೇ ಹೇಳಿದರು:

"ಅಜ್ಜಿದೇನೂ ತಪ್ಪಿಲ್ಲ ಸಾರ್. ಕೂಗ್ತಿರೋದು ನಾನು. ನಿನ್ನೆ ನನಗೆ ಹಾರ್ಟ್ ಟೆಸ್ಟ್ ಆಗಿದೆ."

ಕಾರ್ಡು ಕೊಟ್ಟರು. ತೋಳಿನ ಮೇಲಿನ ಕೈ ಜಾರಿ ಕೆಳಗೆ ಹೋದದ್ದು ಗುಮಾಸ್ತರಿಗೆ ತಿಳಿಯಿತು.

"ತರಬೇತಿ ಅಂದ್ರಲ್ಲ," ಎಂದರು ಹೆಂಡತಿ, ಅಷ್ಟೇ.

ಇನ್ಸ್‌ಪೆಕ್ಟರು ಯಂತ್ರ ಕಿತ್ತುಕೊಂಡು ಗುಮಾಸ್ತರ ಎದೆಗೆ ಹಿಡಿದರು. ಕೂಗಿತು. "ಹಿಂದೆ ಹೋಗಿ." ಹೋದರು, ಸದ್ದು ಸಣ್ಣದಾಯಿತು. "ಇನ್ನೂ ಹಿಂದೆ." ಅಡಗಿತು. "ಮುಂದೆ ಬನ್ನಿ." ಕೂಗಿತು. ಇದು ಇನ್ಸ್‌ಪೆಕ್ಟರಿಗೆ ಹಿಡಿಸಿಬಿಟ್ಟಿತು. ನಾಲ್ಕು ಸಲ ಮುಂದೆ ಹಿಂದೆ ನಡೆಸಿದ ಮೇಲೆ ಮ್ಯಾನೇಜರು ತಮಗೂ ಒಮ್ಮೆ ಕೊಡಿರೆಂದು ಕೈಚಾಚಿದರು. ಅಷ್ಟರಲ್ಲಿ ಹೆಂಡತಿ ಸಿಡಿದೆದ್ದರು.

"ಹುಷಾರಿಲ್ಲದ ಮನುಷ್ಯನ್ನ ಹಾಗೆ ಓಡಾಡಿಸ್ತೀರಲ್ಲ! ನಿಮಗೂ ಎದೆ ಅನ್ನೋದು ಇದೆಯೋ ಇಲ್ವೋ?"

ಗುಮಾಸ್ತರನ್ನು ಬಯಲಿನ ಆಚೆ ತುದಿಯ ಬೆಂಚಿನ ಮೇಲೆ ಕೂರಿಸಿದರು. ಹೆಂಡತಿ ಹೋಗಿ ಪಕ್ಕದಲ್ಲೇ ಕೂತರು, ಮುಖ ಮಾತ್ರ ಬೇರೆ ಕಡೆ.

ಇನ್ಸ್‌ಪೆಕ್ಟರು ಗಂಟಿನ ಮೇಲೆ ಯಂತ್ರ ಆಡಿಸಿದರು. ಸದ್ದಿಲ್ಲ. ಬಿಚ್ಚಿ ನೋಡಿದರು. ಬಣ್ಣ ಬಣ್ಣದ ಚೂರುಗಳನ್ನು ಸೇರಿಸಿ ಹೊಲಿದ ಪುಟ್ಟ ಹೊದಿಕೆ. ತಾವೇ ಮತ್ತೆ ಗಂಟು ಕಟ್ಟಿ, ಒಂದು ಕೈಯಲ್ಲಿ ಗಂಟು ಇನ್ನೊಂದರಲ್ಲಿ ಯಂತ್ರ ಹಿಡಿದು ಜಗಲಿಗೆ ಬಂದರು. ಮುಖದಲ್ಲಿ ಕ್ಷಮೆಯ ನಗು.

"ತಪ್ಪಾಯ್ತು ಅಜ್ಜಿ. ತಗೊಳ್ಳಿ ನಿಮ್ಮ…"

"ಟುಯ್ ಟುಯ್ ಟುಯ್ ಟುಯ್!"

ಇನ್ಸ್‌ಪೆಕ್ಟರು ಗುಮಾಸ್ತರ ಕಡೆ ತಿರುಗಿದರು. ಅವರು ದೂರದ ಬೆಂಚಿನಲ್ಲೇ ಇದ್ದರು. "ನಾನಲ್ಲ ಸಾರ್!" ಎಂದು ಅಲ್ಲಿಂದಲೇ ಕೂಗಿದರು.

"ಅಜ್ಜಿ, ನಿಮಗೂ ಹಾರ್ಟ್ ಟೆಸ್ಟ್ ಆಗಿದೆಯಾ?"

"ನನಗೆ ಮಂಡಿನೋವು ಬಿಟ್ರೆ ಬೇರೇನೂ ಇಲ್ಲಪ್ಪ," ಎನ್ನುತ್ತಾ ಅಜ್ಜಿ ಎದ್ದು ನಾಲ್ಕು ಹೆಜ್ಜೆ ಆಚೆ ಬಂದರು. ಯಂತ್ರವನ್ನು ಅವರ ಮೇಲೆ ಆಡಿಸಿದರು, ಸುಮ್ಮನಿತ್ತು. ಅವರು ಕೂತಿದ್ದ ಕಡೆಗೆ ತಿರುಗಿಸಿದರು, ಕಿರುಚಿಕೊಂಡಿತು. ಇನ್ಸ್‌ಪೆಕ್ಟರು ಬೂಟಿನ ತುದಿಯಿಂದ ಗೋಣಿಚೀಲವನ್ನು ಸರಿಸಿದರು.

"ಇದೇನಿದು?"

"ಫ್ಯಾನ್ ಪೆಟ್ಟಿಗೆ ಸಾರ್," ಎಂದ ಹಮಾಲಿಯಣ್ಣ, ಮನೆಯವರನ್ನು ಪರಿಚಯಿಸುವಂತೆ.

ಗುಮಾಸ್ತರು ಬೆಂಚಿನಿಂದೆದ್ದು ಜಗಲಿಯ ಹತ್ತಿರಕ್ಕೆ ಬಂದು ಇಣುಕಿದರು. ಹಳದಿ. ನಡುವೆ ಚುಕ್ಕೆ. ಜೇಬಿನಿಂದ ಕಿರುಪುಸ್ತಕ ತೆಗೆದರು. ಪುಸ್ತಕ ನೋಡಿದರು, ಪೆಟ್ಟಿಗೆ ನೋಡಿದರು.

"ಎಸಳು ಮೂರು," ಎಂದರು, ಯಾರಿಗೂ ಕೇಳದಷ್ಟು ಮೆಲ್ಲಗೆ.

ಆದರೂ ಎಲ್ಲರಿಗೂ ಕೇಳಿಸಿತು. ಆಮೇಲಿನದಕ್ಕೆ ಯಾರ ಆಜ್ಞೆಯೂ ಬೇಕಾಗಲಿಲ್ಲ. ಹಿಂದಿನ ಗೋಡೆ ಸುಭದ್ರವಾಗಿದೆ ಎಂದು ಬರೆದುಕೊಟ್ಟಿದ್ದ ಮ್ಯಾನೇಜರೇ ಎಲ್ಲರಿಗಿಂತ ಮೊದಲು ಅದರ ಕಂಡಿಯಿಂದ ಹೊರಗೆ ಹೋದರು. ಕಮಾನನ್ನು ಯಾರೂ ನೆನಪಿಸಿಕೊಳ್ಳಲಿಲ್ಲ. ಮೂರು ಗಂಟೆಯ ಡ್ರೈವರು ಒಂದು ನಿಮಿಷ ಮುಂಚೆಯೇ ಗೇರು ಹಾಕಿದ. ನಿಲ್ದಾಣದ ಚರಿತ್ರೆಯಲ್ಲೇ ಅದು ಮೊದಲು.

"ನನ್ನ ಬಸ್ಸು!" ಎಂದರು ಅಜ್ಜಿ.

ಎಲ್ಲರೂ ಹೊರಗೆ ಓಡುತ್ತಿದ್ದಾಗ ಗುಮಾಸ್ತರು ಒಳಗೆ ಓಡಿದರು. ಇನ್ಸ್‌ಪೆಕ್ಟರು ಕೈಬಿಟ್ಟಿದ್ದ ಗಂಟನ್ನು ಎತ್ತಿಕೊಂಡು ಬಸ್ಸಿನ ಮುಂದೆ ಹೋಗಿ ಎರಡೂ ಕೈ ಅಗಲಿಸಿ ನಿಂತರು. ಹಮಾಲಿಯಣ್ಣ ಅಜ್ಜಿಯನ್ನು ಹೆಚ್ಚುಕಡಿಮೆ ಎತ್ತಿಯೇ ಬಸ್ಸಿಗೆ ಹತ್ತಿಸಿದ. ಗುಮಾಸ್ತರು ಕಿಟಕಿಯಿಂದ ಗಂಟು ಕೊಡಹೋಗಿ, ನರ್ಸಮ್ಮನ ಮಾತು ನೆನಪಾಗಿ, ಅದನ್ನು ಹಮಾಲಿಯಣ್ಣನ ಕೈಗೆ ದಾಟಿಸಿದರು. "ಕೂಸಿಗೆ ಹೊದಿಸೋದು. ನೀನೇ ಕೊಡು."

ಅಜ್ಜಿ ಕಿಟಕಿಯಿಂದ ತಲೆ ಹೊರಹಾಕಿ ಹೇಳಿದರು: "ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲಾ ಹುಡುಕಿದ್ರಂತೆ ಅಂತ ಕೇಳಿದ್ದೆ. ಕೂಸಿನ ಮೇಲೇ ಕೂತು ಹುಡುಕಿದೋರನ್ನ ಇವತ್ತೇ ನೋಡಿದ್ದು!" ಬಸ್ಸು ಹೊರಟಿತು. ತಿರುವಿನವರೆಗೂ ಅವರು ಕೈಬೀಸುತ್ತಲೇ ಇದ್ದರು.

ಐದು ಗಂಟೆಗೆ ತಜ್ಞರು ಬಂದರು. ಸಣ್ಣ ಮೈಕಟ್ಟಿನ, ಮೆಲುಮಾತಿನ ಹೆಂಗಸು. ಪೆಟ್ಟಿಗೆಯ ಸುತ್ತ ಒಮ್ಮೆ ಬಂದು, ಬೀಗ ಮುಟ್ಟಿ ನೋಡಿ, ಉಸಿರು ಬಿಟ್ಟರು. ಬೀಗ ಒಡೆದಿಲ್ಲ, ಒಳಗಿನ ದಪ್ಪ ಲೋಹದ ಕವಚ ಹಾಗೇ ಇದೆ. ಕೂತವರಿಗೆ ಏನೂ ಆಗಿರಲಿಕ್ಕಿಲ್ಲ, ಆದರೂ ಎಲ್ಲರೂ ರಕ್ತ ಪರೀಕ್ಷೆ ಮಾಡಿಸಿಕೊಳ್ಳಲಿ. ಅಜ್ಜಿ ಹೋದ ಊರಿನ ಆಸ್ಪತ್ರೆಗೆ ನಾವೇ ಹೇಳುತ್ತೇವೆ.

"ಎಷ್ಟು ದಿನ ಇತ್ತು ಇಲ್ಲಿ?"

"ಐದು ವಾರ," ಎಂದರು ಗುಮಾಸ್ತರು.

"ಐದು ವಾರ ಇದನ್ನ ಯಾರು ಬೇಕಾದ್ರೂ ಎತ್ಕೊಂಡು ಹೋಗ್ಬಹುದಿತ್ತು."

"ಇಲ್ಲಮ್ಮ," ಎಂದ ಹಮಾಲಿಯಣ್ಣ. "ಯಾವಾಗ್ಲೂ ಇದರ ಮೇಲೆ ಯಾರಾದ್ರೂ ಒಬ್ಬರು ಕೂತೇ ಇರ್ತಿದ್ವಿ."

ಆಕೆ ಗೋಣಿಚೀಲದ ಕಡೆ ನೋಡಿ ಹೇಳಿದರು: "ನಾನು ಕಂಡ ಕಾವಲುಗಳಲ್ಲಿ ಇದು ಕೆಟ್ಟದ್ದೇನಲ್ಲ."

ಪರವಾನಗಿಯ ಗೋಜು ಬೇಡವೆಂದು ಪೆಟ್ಟಿಗೆಯ ಯಂತ್ರವನ್ನು ಸಾಮಾನ್ಯ ಸಾಮಾನಿನಂತೆ ಬಸ್ಸಿಗೆ ಹಾಕಿದ ಕಂಪನಿಯ ಮೇಲೆ ಮೊಕದ್ದಮೆಯಾಯಿತು. ಗುಮಾಸ್ತರು ಕೆಲಸ ಹೋಯಿತೆಂದೇ ತಿಳಿದಿದ್ದರು. ಆದರೆ ಇನ್ಸ್‌ಪೆಕ್ಟರು ವರದಿಯಲ್ಲಿ 'ಪಾರ್ಸೆಲ್ ಗುಮಾಸ್ತರು ಸತ್ಯ ಒಪ್ಪಿಕೊಂಡದ್ದರಿಂದಲೇ ಪೆಟ್ಟಿಗೆ ಪತ್ತೆಯಾಯಿತು' ಎಂದು ಬರೆದರು. ಯೋಚಿಸಿ ನೋಡಿದರೆ ಅದರಲ್ಲಿ ಸುಳ್ಳೇನೂ ಇರಲಿಲ್ಲ. ಪೂರ್ತಿ ನಿಜವೂ ಇರಲಿಲ್ಲ, ಆದರೆ ಜಾಗ ಕಡಿಮೆಯಿತ್ತು. ಕೋಟೆ ಕೊಳ್ಳೆ ಹೊಡೆದ ಮೇಲಾದರೂ ದಿಡ್ಡಿ ಬಾಗಿಲು ಹಾಕುವುದು ಲೋಕರೂಢಿ. ಮುಖ್ಯ ಕಚೇರಿ ಮೊದಲ ಕಮಾನಿನ ಹಿಂದೆ ಎರಡನೆಯ ಕಮಾನು ಕಟ್ಟಿಸಿತು. ಕಂಡಿ ಹಾಗೇ ಇದೆ.

ಅವತ್ತು ಸಂಜೆ ಗಂಡಹೆಂಡತಿ ನಡೆದೇ ಮನೆಗೆ ಹೊರಟರು. ಅರ್ಧ ದಾರಿಯಲ್ಲಿ ಆಕೆ ಕೇಳಿದರು:

"ನೋವು ಅಂತ ನನಗೊಂದು ಮಾತು ಹೇಳ್ಬಾರ್ದಿತ್ತಾ?"

"ನೀನು ಹೆದರ್ತೀಯ ಅಂತ."

"ಹೆದರೋದು ನನ್ನ ಕೆಲಸ. ಇಷ್ಟು ವರ್ಷ ನಾನೇ ಮಾಡ್ಕೊಂಡು ಬಂದಿಲ್ವಾ? ನಿಮ್ಮ ಕೈಲಿ ಅದು ಆಗಲ್ಲ. ನೋಡಿ, ಒಂದೇ ದಿನ ಒಬ್ಬರೇ ಹೆದರೋಕೆ ಹೋಗಿ ಊರೆಲ್ಲಾ ಓಡಿಸಿಬಿಟ್ರಿ."

ಮರುದಿನ ವರದಿ ತರಲು ಇಬ್ಬರೂ ಹೋದರು. ಹೃದಯ ಗಟ್ಟಿಯಾಗಿತ್ತು. ಎದೆಯ ಸ್ನಾಯು ಎಳೆದುಕೊಂಡಿದೆ ಎಂದರು ಡಾಕ್ಟರು. "ಒಂದು ತಿಂಗಳ ಹಿಂದೆ ಏನಾದ್ರೂ ತುಂಬಾ ಭಾರ ಎತ್ತಿದ್ರಾ?"

ಗುಮಾಸ್ತರು ಹೆಂಡತಿಯ ಕಡೆ ನೋಡಿದರು. ಈ ಸಲ ಮ್ಯಾನೇಜರಿಗೂ ಪೊಲೀಸಿಗೂ ಮೊದಲು ಆಕೆಗೇ ಹೇಳಿದರು: "ಫ್ಯಾನು."

ಇಪ್ಪತ್ತು ದಿನ ಕಳೆಯಿತು. ಪಾರ್ಸೆಲ್ ಆಫೀಸಿನಲ್ಲಿ ಮತ್ತೆ ಅದೇ ಕುರ್ಚಿ, ಈಗ ಮೂರೇ ಕಾಲು, ಅದೇ ಬೀಳಿಸುವ ಬೆಂಚು. ಒಂದು ಬೆಳಗ್ಗೆ, ಆ ಮೂರು ಗಂಟೆಯ ಬಸ್ಸು ಹೋಗುವ ಊರಿನಿಂದ ಹಗುರವಾದ ಪಾರ್ಸೆಲ್ಲೊಂದು ಬಂತು. ಹಳದಿ ಬಟ್ಟೆ, ಮೂರೆಸಳಿನ ಹೂವು. ಮೇಲೆ ನಡುಗುವ ಕೈಬರಹ: 'ಟುಯ್ ಟುಯ್ ಅನ್ನುವ ಸಾಹೇಬರಿಗೆ ಮತ್ತು ಟೀ ಕೊಟ್ಟವರಿಗೆ.'

"ಏನ್ ಸಾರ್ ಇದು?" ಎಂದ ಹಮಾಲಿಯಣ್ಣ, ಎರಡು ಹೆಜ್ಜೆ ದೂರದಿಂದ.

ಗುಮಾಸ್ತರು ಊಹಿಸಲು ಬಾಯಿ ತೆರೆದವರು ಮುಚ್ಚಿಕೊಂಡರು. ಯಂತ್ರ ತಂದು ಹಿಡಿದರು. ಅದು ಸುಮ್ಮನಿತ್ತು. ಆಮೇಲೆ ದಾರ ಕತ್ತರಿಸಿದರು. ಒಳಗೆ ಹೊದಿಕೆಯಲ್ಲಿ ಉಳಿದ ಚೂರುಗಳಿಂದ ಹೊಲಿದ ಎರಡು ದಪ್ಪ ದಿಂಬುಗಳಿದ್ದವು, ಕೂರುವುದಕ್ಕೆ. ಜೊತೆಗೊಂದು ಚೀಟಿ: 'ಹೆಣ್ಣು ಕೂಸು. ಇಬ್ಬರೂ ಚೆನ್ನಾಗಿದ್ದಾರೆ. ನಿಮ್ಮ ಸೀಟು ಪೊಲೀಸರು ತಗೊಂಡು ಹೋದರಂತೆ.'

ಗುಮಾಸ್ತರು ಕನ್ನಡಕ ಒರೆಸಿಕೊಂಡು, ದಾಖಲೆ ಪುಸ್ತಕ ಎಳೆದುಕೊಂಡು, ದುಂಡಗೆ ಬರೆದರು:

'ದಿಂಬು – ಎರಡು. ಬಿಚ್ಚಿ ನೋಡಲಾಗಿದೆ.'